ಎಲೆ ನೋಡುವ ಸಾಹೇಬರು

ಸಾಹೇಬರು ನಿವೃತ್ತರಾದ ಸುದ್ದಿ ಬಂದ ದಿನ ನಮ್ಮ ಅಡುಗೆಯವರು ಆಂಜನೇಯನಿಗೆ ಹರಕೆಯ ಕಾಯಿ ಒಡೆಸಿದರು. ಗುಡಿಯಿಂದ ಬಂದ ಮೇಲೆ ಕೊಬ್ಬರಿ ಚಟ್ನಿಗೆ ಹೋಯಿತು, ಚಿಪ್ಪು ಕೈಯಲ್ಲಿ ಉಳಿಯಿತು. ಅದನ್ನು ಹಸಿರು ಬಕೆಟ್ಟಿಗೆ ಹಾಕಬೇಕೋ ನೀಲಿ ಬಕೆಟ್ಟಿಗೆ ಹಾಕಬೇಕೋ ತಿಳಿಯದೆ ಸ್ವಲ್ಪ ಹೊತ್ತು ಒದ್ದಾಡಿ, ಕೊನೆಗೆ ಆ ಸಾಹೇಬರಿಗೇ ಫೋನ್ ಮಾಡಿದರು. "ನಾರು ತಗದೀರೇನು?" ಎಂದು ಆ ಕಡೆಯಿಂದ ಗಂಭೀರವಾದ ಪ್ರಶ್ನೆ ಬಂತು. ಪೀಡೆ ತೊಲಗಿತೆಂದು ಒಡೆಸಿದ ಕಾಯಿಗೂ ಆ ಪೀಡೆಯ ಸಲಹೆಯೇ ಬೇಕಾಯಿತಲ್ಲ ಎಂದು ನಾನು ಅವತ್ತೆಲ್ಲ ನಗುತ್ತಿದ್ದೆ. ಸಂಜೆಯ ಹೊತ್ತಿಗೆ ನಗು ನಿಂತು, ಏನೋ ಕಳೆದುಕೊಂಡ ಹಾಗೆ ಬೇಸರವಾಯಿತು.

ನಾನು ಬಳ್ಳಾರಿಯ ಗಾಂಧಿನಗರದಲ್ಲಿ ಒಂದು ಕಲ್ಯಾಣ ಮಂಟಪದ ಮ್ಯಾನೇಜರು. ಊರವರ ಮದುವೆಗಳನ್ನು ಹಿಂಬಾಗಿಲಿನಿಂದ ನೋಡುವ ಕೆಲಸ ನನ್ನದು. ಸಾಹೇಬರು ಪಾಲಿಕೆಯ ಆರೋಗ್ಯ ನಿರೀಕ್ಷಕರು. ಅವರೂ ಹಿಂಬಾಗಿಲಿನಿಂದಲೇ ಬರುತ್ತಿದ್ದವರು. ಕುರುಗೋಡಿನ ಶರಣರ ಮನೆತನ, ಹಣೆಯ ಮೇಲೆ ಮೂರು ಬೆರಳ ವಿಭೂತಿ, ತೆಳ್ಳಗಿನ ಮೈ, ಕಿಸೆಯಲ್ಲಿ ಸದಾ ಒಂದು ಜೊತೆ ರಬ್ಬರಿನ ಕೈಗವಸು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ಬೆನ್ನ ಹಿಂದೆ ಎಂಜಲು ಸಾಹೇಬರು ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು.

ಅವರ ಕೈಯಲ್ಲಿದ್ದ ನಿಯಮ ಹೇಳುವುದಕ್ಕೆ ಬಹಳ ಸರಳ. ಹಸಿ ಕಸ ಬೇರೆ, ಒಣ ಕಸ ಬೇರೆ. ನೂರಾರು ಮಂದಿ ಉಣ್ಣುವ ಜಾಗದವರು ತಮ್ಮ ಹಸಿ ಕಸವನ್ನು ತಾವೇ ಗೊಬ್ಬರ ಮಾಡಬೇಕು. ಪಾತ್ರೆಯಲ್ಲಿ ಉಳಿದ ಅಡುಗೆಯನ್ನು ಚೆಲ್ಲುವಂತಿಲ್ಲ. ಕೆಡುವ ಮೊದಲೇ ಫೋನ್ ಮಾಡಿ ತಿಳಿಸಬೇಕು, ಅದು ಯಾವುದಾದರೂ ಹಾಸ್ಟೆಲಿಗೆ ಹೋಗುತ್ತದೆ. ತಪ್ಪಿದರೆ ದಂಡ. ಇಷ್ಟೇ. ಆದರೆ ಮದುವೆ ಮನೆಯಲ್ಲಿ ಇದನ್ನು ಹೇಳಿ ನೋಡಬೇಕು. ಬೀಗರ ಮುಂದೆ ಬಂಗಾರದ ತೂಕವನ್ನಾದರೂ ಮಾತಾಡಬಹುದು, ಅನ್ನದ ಅಳತೆ ಮಾತಾಡುವ ಹಾಗಿಲ್ಲ. ಅನ್ನ ಉಳಿದರೆ ಮರ್ಯಾದೆ, ಸಾಲದೇ ಹೋದರೆ ಮಾನವೇ ಹೋಯಿತು ಎಂದು ನಂಬಿದ ಊರು ನಮ್ಮದು.

ಮೊದಲ ಸಲ ಅವರು ನಮ್ಮಲ್ಲಿಗೆ ಬಂದದ್ದು ಒಂದು ದೊಡ್ಡ ಮದುವೆಯ ಮಧ್ಯಾಹ್ನ. ಮುಂದೆ ಪನ್ನೀರು ಚಿಮುಕಿಸುವ ಹುಡುಗಿಯರನ್ನು ದಾಟಿ, ವಾಲಗದವರನ್ನು ದಾಟಿ, ಮದುಮಕ್ಕಳ ಕಡೆ ಕಣ್ಣೂ ಹಾಯಿಸದೆ ಸೀದಾ ಹಿತ್ತಲಿಗೆ ಹೋದರು. ರಾಶಿ ಬಿದ್ದಿದ್ದ ಎಂಜಲೆಲೆಗಳನ್ನು ಒಂದು ಕೋಲಿನಿಂದ ಎತ್ತಿ ಎತ್ತಿ ನೋಡತೊಡಗಿದರು. ನಾನು ಹೋಗಿ ಕೈಮುಗಿದೆ.

"ಮ್ಯಾನೇಜರ್ರ, ನಿಮ್ಮ ಬದನಿಕಾಯಾಗ ಉಪ್ಪು ಜಾಸ್ತಿ ಆಗೇತ್ರಿ" ಎಂದರು.

"ನೀವಿನ್ನೂ ಉಂಡಿಲ್ಲಲ್ಲ ಸಾಹೇಬ್ರ?"

"ಉಣ್ಣೋದ್ಯಾಕ? ಎಲಿ ನೋಡ್ರಿ. ಎಲ್ಲಾರೂ ಬದನಿಕಾಯಿ ಬಿಟ್ಟಾರ."

ನಮ್ಮ ಅಡುಗೆಯವರಿಗೆ ಇದು ತಡೆಯದಾಯಿತು. ಅವರು ಗುಂತಕಲ್ಲಿನ ಕಡೆಯವರು, ಸಿಟ್ಟು ಬಂದಾಗ ಕನ್ನಡ ಮರೆಯುವವರು. ಸೌಟು ಹಿಡಿದೇ ಬಂದು ಆ ಬದನೆಕಾಯಿಯನ್ನು ಎಲ್ಲರಿಗೂ ರುಚಿ ನೋಡಿಸಿದರು. ಉಪ್ಪು ಸರಿಯಾಗಿಯೇ ಇತ್ತು. ಆಮೇಲೆ ತಿಳಿದದ್ದೇನೆಂದರೆ, ಅದು ಸೋಮವಾರ, ಗಂಡಿನ ಕಡೆಯವರಲ್ಲಿ ಅರ್ಧ ಮಂದಿ ಬದನೆಕಾಯಿ ಬಿಡುವ ವ್ರತದವರು. ಸಾಹೇಬರು ತಮ್ಮ ತಪ್ಪನ್ನು ಒಪ್ಪಿಕೊಂಡರು, ಒಪ್ಪಿಕೊಂಡು ಹಿಂದಿನ ವಿಷಯಕ್ಕೇ ಬಂದರು: "ವ್ರತದವರಿಗೆ ಬಡಿಸಿದ್ಯಾಕ ಮತ್ತ? ಬಡಿಸೋ ಮೊದಲ ಕೇಳಬೇಕಲ್ರೀ. ಬಾಯಿ ಐತಲ್ಲ ಅವರಿಗೆ."

"ಏಂ ಸಾರೂ, ಪೆಳ್ಳಿಲೋ ಕೂಡಾ ಈ ರೂಲ್ಸಾ?" ಎಂದು ಅಡುಗೆಯವರು ಗೋಳಾಡಿದರು.

"ಪೆಳ್ಳಿ ವಾಳ್ಳದಿ, ಚೆತ್ತ ನಾದಿ" ಎಂದರು ಸಾಹೇಬರು, ಅಷ್ಟೇ ಚೊಕ್ಕ ತೆಲುಗಿನಲ್ಲಿ. ಮದುವೆ ಅವರದು, ಕಸ ನನ್ನದು. ಅಡುಗೆಯವರು ಇವತ್ತಿಗೂ ಆ ಮಾತನ್ನು ಹೇಳಿಕೊಂಡು ಹಲ್ಲು ಕಡಿಯುತ್ತಾರೆ. ದಂಡ ಹಾಕಿಯೇ ಹೋದರು ಎಂದು ಬೇರೆ ಹೇಳಬೇಕಾಗಿಲ್ಲ.

ಇಂಥವರನ್ನು ಜನ ಸುಮ್ಮನೆ ಬಿಡುತ್ತಾರೆಯೇ? ಒಬ್ಬ ಹೋಟೆಲಿನವನಿಗೆ ಒಮ್ಮೆ ತಮಾಷೆ ಮಾಡುವ ಹುಮ್ಮಸ್ಸು ಬಂತು. ಅವನ ಗಲ್ಲಾಪೆಟ್ಟಿಗೆಯ ಸುತ್ತ ಕೂತಿದ್ದವರಲ್ಲಿ ನಾನೂ ಒಬ್ಬ. ಫೋನ್ ಮಾಡಿ, "ಸಾಹೇಬ್ರ, ನಮ್ಮಲ್ಲಿ ಎರಡು ಇಡ್ಲಿ ಉಳದಾವ್ರಿ, ನಿಯಮದ ಪ್ರಕಾರ ತಿಳಸಾಕತ್ತೀನಿ" ಎಂದ. ನಾವೆಲ್ಲ ಬಾಯಿಗೆ ಕರವಸ್ತ್ರ ತುರುಕಿಕೊಂಡು ಕೂತೆವು. ಸುಡುವ ಬಿಸಿಲಿನಲ್ಲಿ ಸ್ಕೂಟರು ಬಂದು ನಿಂತಿತು. ಸಾಹೇಬರು ಡಬ್ಬಿ ತೆಗೆದು ಎರಡೂ ಇಡ್ಲಿಗಳನ್ನು ಹಾಕಿಕೊಂಡರು, "ಚಟ್ನಿ ಉಳದಿಲ್ಲೇನು?" ಎಂದು ಕೇಳಿದರು, ತಿಳಿಸಿದ್ದಕ್ಕೆ ಹೋಟೆಲಿನವನ ಕೈ ಕುಲುಕಿದರು. ಬಂದದ್ದು ಬಂದಾಯಿತು, ಬಕೆಟ್ಟುಗಳನ್ನೂ ನೋಡಿಬಿಡೋಣ ಎಂದು ಹಿಂದಕ್ಕೆ ಹೋದರು. ಆಮೇಲೆ ಆ ಹೋಟೆಲಿನವನು ಯಾರ ಹತ್ತಿರವೂ ತಮಾಷೆ ಮಾಡಿದ್ದನ್ನು ನಾನು ಕಾಣೆ.

ಅವರ ಜೊತೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿನ್ನುವುದು ಒಂದು ಅನುಭವ. ನಮ್ಮೂರಲ್ಲಿ ಮಿರ್ಚಿ ತಿಂದು ತೊಟ್ಟನ್ನು ಎಲ್ಲಿ ಎಸೆದೆವೆಂದು ಯಾರೂ ನೋಡುವುದಿಲ್ಲ. ಅವರು ಆ ತೊಟ್ಟುಗಳನ್ನು ಎತ್ತಿ ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದರು, ತಮ್ಮವನ್ನಷ್ಟೇ ಅಲ್ಲ, ನನ್ನವನ್ನೂ. ಮನೆಯಲ್ಲಿ ಗೊಬ್ಬರದ ಮಡಕೆಗಳಿದ್ದವು, ಅಲ್ಲಿಗೆ. ಅವರ ಹೆಂಡತಿ ಬಟ್ಟೆ ಒಗೆಯುವ ಮೊದಲು ಕಿಸೆ ಜಾಡಿಸುವುದನ್ನು ಮರೆತರೆ ಅಂಗಿಯೆಲ್ಲ ಖಾರ. "ನಮ್ಮನಿಯಾಗ ಗಂಡನ ಕಿಸೆದಾಗ ರೊಕ್ಕ ಹುಡುಕೋ ಭಾಗ್ಯ ಇಲ್ಲ ನೋಡ್ರಿ" ಎಂದು ಆ ತಾಯಿ ನಗುತ್ತ ಹೇಳುತ್ತಿದ್ದರು. ಆ ಮಡಕೆಯ ಗೊಬ್ಬರವನ್ನೇ ಪೊಟ್ಟಣ ಕಟ್ಟಿ ಅವರು ಮದುವೆಗಳಲ್ಲಿ ಮುಯ್ಯಿ ಮಾಡುತ್ತಿದ್ದರು. ಮೇಲೆ ಬಣ್ಣದ ಕಾಗದ, ಅದಕ್ಕೊಂದು ದಾರ. ಮದುಮಕ್ಕಳು ಕಾಫಿ ಪುಡಿಯೆಂದು ತಿಳಿದು ಅಡುಗೆ ಮನೆಯಲ್ಲಿಟ್ಟ ಕಥೆಗಳು ಊರಲ್ಲಿ ಇವೆ, ಅವುಗಳಲ್ಲಿ ಎಷ್ಟು ನಿಜವೋ ನನಗೆ ತಿಳಿಯದು.

ಮದುವೆಗೆ ಬಂದರೆ ಅವರು ಬಾಳೆಲೆಯಲ್ಲಿ ಉಣ್ಣುತ್ತಿರಲಿಲ್ಲ. ಸ್ಕೂಟರಿನ ಡಿಕ್ಕಿಯಿಂದ ತಮ್ಮ ಸ್ಟೀಲಿನ ತಟ್ಟೆ ತಂದು ಪಂಕ್ತಿಯ ಕೊನೆಯಲ್ಲಿ ಕೂಡುತ್ತಿದ್ದರು. ಉಂಡಾದ ಮೇಲೆ ಒಂದಿಷ್ಟು ನೀರು ಹಾಕಿ, ಬೆರಳಿನಿಂದ ತಟ್ಟೆಯನ್ನು ಸುತ್ತಲೂ ತೊಳೆದು, ಆ ನೀರನ್ನು ಕುಡಿದುಬಿಡುತ್ತಿದ್ದರು. ನೋಡುವವರಿಗೆ ಕಸಿವಿಸಿ. "ಇದು ಪಾಲಿಕಿ ಕಲಿಸಿದ್ದಲ್ರೀ. ನಮ್ಮಜ್ಜ ಕುರುಗೋಡಿನ ಮಠದಾಗ ಹಿಂಗ ಉಣತಿದ್ದ. ಪ್ರಸಾದ ಅಂದಮ್ಯಾಲ ಬಿಡಾಕ ಬರಂಗಿಲ್ಲ" ಎನ್ನುತ್ತಿದ್ದರು. ಅವರು ಕೂತ ಪಂಕ್ತಿಯಲ್ಲಿ ಅಕ್ಕಪಕ್ಕದ ಜಾಗಗಳು ಕೊನೆಯವರೆಗೂ ಖಾಲಿ ಇರುತ್ತಿದ್ದವು. ಗೊತ್ತಿಲ್ಲದೆ ಬಂದು ಕೂತವರು ಎಲೆಯಲ್ಲಿ ಒಂದು ಕರಿಬೇವನ್ನು ಬಿಡುವುದಕ್ಕೂ ಹೆದರಿ ನುಂಗುತ್ತಿದ್ದರು.

ಹೀಗಿರುವಾಗ ಅವರ ಒಬ್ಬಳೇ ಮಗಳ ಮದುವೆ ಗೊತ್ತಾಯಿತು.

ಹುಡುಗಿ ತೆಕ್ಕಲಕೋಟೆಯಲ್ಲಿ ಶಾಲೆಯ ಟೀಚರು. ಅಪ್ಪನ ಮೂಗು, ಅವ್ವನ ನಗು. ಗಂಡು ಸಿರುಗುಪ್ಪದವನು, ಅವನಿಗೂ ಅದೇ ಶಾಲೆಯಲ್ಲಿ ಕೆಲಸ, ಇಬ್ಬರೂ ಮೆಚ್ಚಿಕೊಂಡಿದ್ದರು. ಗಂಡಿನ ತಂದೆಗೆ ಕೆಂಚನಗುಡ್ಡದ ಹತ್ತಿರ ಹೊಳೆಸಾಲಿನ ಭತ್ತದ ಗದ್ದೆ. ಗಟ್ಟಿ ದನಿಯ, ದೊಡ್ಡ ಕೈಯ ಮನುಷ್ಯ. ಅವರ ಮನೆಗೆ ದಾರಿ ಕೇಳುವುದಕ್ಕೆ ಹೋದವರೂ ಉಂಡೇ ಬರಬೇಕು. ಮಾತುಕತೆಯ ದಿನ ಹಿರಿಯರ ಜೊತೆ ನಾನೂ ಹೋಗಿದ್ದೆ.

"ನಮಗ ವರದಕ್ಷಿಣಿ ಬ್ಯಾಡ, ಬಂಗಾರ ಬ್ಯಾಡ. ಒಂದ ಮಾತು. ಊಟ ಮಾತ್ರ ದಂಡಿ ಆಗಬೇಕ್ರಿ. ಉಂಡೋರು ಸಾಕು ಅಂದಮ್ಯಾಲೂ ಬಡಿಸಬೇಕು. ಎಲಿಯಾಗ ಉಳೀಬೇಕು. ಉಳೀದಿದ್ರ ನಮ್ಮ ಮಂದಿ ಅದನ್ನ ಮದಿವಿ ಅನ್ನಂಗಿಲ್ಲ" ಎಂದರು ಗಂಡಿನ ತಂದೆ.

ನಾನು ಸಾಹೇಬರ ಕಡೆ ನೋಡಿದೆ. ಎಲೆಯಲ್ಲಿ ಉಳಿಯಬೇಕು! ಈ ಮಾತನ್ನು ಬಳ್ಳಾರಿಯಲ್ಲಿ ಯಾರಾದರೂ ಆಡಿದ್ದರೆ ಅಲ್ಲೇ ರಸೀದಿ ಹರಿದು ಕೊಡುತ್ತಿದ್ದರು. ಅವರ ಹೆಂಡತಿ ಸೆರಗಿನ ಮರೆಯಿಂದ ಗಂಡನ ತೊಡೆಯನ್ನು ಚಿವುಟಿದ್ದನ್ನು ನಾನು ಕಣ್ಣಾರೆ ಕಂಡೆ. "ಆತು ಬಿಡ್ರಿ" ಎಂಬ ಎರಡು ಪದಗಳು ಹೇಗೋ ಸಾಹೇಬರ ಬಾಯಿಂದ ಹೊರಬಿದ್ದವು.

ಮದುವೆ ನಮ್ಮ ಮಂಟಪದಲ್ಲೇ. ವಾರ ಮೊದಲು ಹುಡುಗಿ ನನ್ನ ಆಫೀಸಿಗೆ ಬಂದಳು. "ಕಾಕಾ, ನಿಮಗೊಂದು ಮಾತು ಹೇಳತೀನಿ. ಅವತ್ತು ನಮ್ಮಪ್ಪ ಎಂಜಲೆಲಿ ಹತ್ರ ನಿಂದ್ರಬಾರದು. ಅವತ್ತೊಂದಿನ ನನಗ ಅಪ್ಪ ಬೇಕು, ಇನಿಸ್ಪೆಕ್ಟರ್ ಬ್ಯಾಡ. ನಮ್ಮ ಮಾವಾರು ಭಾಳ ಚಲೋರದಾರ, ಆದ್ರ ಮನಸು ಬಲು ನಾಜೂಕು. ಊಟದ ಜಾಗದಾಗ ಏನಾದ್ರೂ ಆತಂದ್ರ ಜೀವಮಾನ ನೆನಪಿಟ್ಕೋತಾರ." ಅವಳ ಕಣ್ಣಲ್ಲಿ ನೀರಿತ್ತು. ನಾನು ಮಾತು ಕೊಟ್ಟೆ. ಸಾಹೇಬರಿಗೂ ಹೇಳಿದೆ. ಊಟದ ಸಭಾಂಗಣಕ್ಕೆ ಕಾಲಿಡುವುದಿಲ್ಲ ಎಂದು ಅವರು ವಿಭೂತಿ ಮುಟ್ಟಿ ಆಣೆ ಮಾಡಿದರು.

ಮಾತಿನಂತೆ ನಡೆದುಕೊಂಡರು ಕೂಡ. ಅಕ್ಷತೆ ಬಿದ್ದ ಮೇಲೆ ಮಗಳ ಪಕ್ಕದಲ್ಲಿ ಪೀತಾಂಬರ ಉಟ್ಟು ನಿಂತೇ ಇದ್ದರು. ಆದರೆ ಯಾರೂ ಎಣಿಸದ ಒಂದು ಸಂಗತಿ ಕೆಳಗೆ ಊಟದ ಸಭಾಂಗಣದಲ್ಲಿ ನಡೆಯುತ್ತಿತ್ತು. ಹೆಣ್ಣಿನ ಕಡೆಯಿಂದ ಬಂದವರು ಯಾರು? ಬಳ್ಳಾರಿಯ ಹೋಟೆಲಿನವರು, ಬೇರೆ ಮಂಟಪಗಳ ಮ್ಯಾನೇಜರುಗಳು, ಬೇಕರಿಯವರು, ತರಕಾರಿ ಮಾರ್ಕೆಟ್ಟಿನವರು. ಎಲ್ಲರೂ ಸಾಹೇಬರಿಂದ ಒಂದಲ್ಲ ಒಂದು ಸಲ ದಂಡ ಕಟ್ಟಿಸಿಕೊಂಡವರು. ಸಾಹೇಬರ ಸ್ವಂತ ಮನೆಯ ಮದುವೆಯಲ್ಲಿ ಎಲೆಯ ಮೇಲೆ ಒಂದು ಅಗುಳು ಬಿಟ್ಟರೆ ಏನು ಗತಿ ಎಂದು ಒಬ್ಬೊಬ್ಬರೂ ತಮ್ಮ ತಮ್ಮಲ್ಲೇ ಲೆಕ್ಕ ಹಾಕಿಕೊಂಡು ಬಂದಿದ್ದರು. ಬಡಿಸುವವರು ಬಂದರೆ ಎರಡೂ ಕೈಗಳನ್ನು ಎಲೆಯ ಮೇಲೆ ಅಡ್ಡ ಇಡುವರು. "ಸಾಕ್ರೀ, ಸಾಕು." ಹೋಳಿಗೆ ಅರ್ಧ, ಅನ್ನ ಒಂದು ಹಿಡಿ, ತುಪ್ಪ ನಾಲ್ಕು ಹನಿ. ಮೊದಲ ಪಂಕ್ತಿಯನ್ನು ನೋಡಿದರೆ ಆಸ್ಪತ್ರೆಯ ವಾರ್ಡಿಗೆ ಹೋದ ಹಾಗಿತ್ತು. ನಮ್ಮ ಅಡುಗೆಯವರು ಒಲೆಯ ಮುಂದೆ ಕೂತು ತಲೆ ಚಚ್ಚಿಕೊಂಡರು.

ಅಷ್ಟರಲ್ಲಿ ಸಿರುಗುಪ್ಪದ ಬೀಗರು ಹೋಳಿಗೆಯ ಪರಾತ ಹಿಡಿದು ಉಪಚಾರಕ್ಕೆ ಬಂದರು. ನಮ್ಮ ಕಡೆ ಬೀಗರು ತಮ್ಮ ಕೈಯಾರೆ ಬಡಿಸಿದ್ದನ್ನು ಬೇಡ ಎನ್ನಬಾರದು. ಎಂದರೆ ಸಂಬಂಧ ಮನಸ್ಸಿಗೆ ಬಂದಿಲ್ಲ ಎಂದೇ ಅರ್ಥ. ಮೊದಲನೆಯವನು ಕೈ ಅಡ್ಡ ಇಟ್ಟ. ಎರಡನೆಯವನೂ ಇಟ್ಟ. ಮೂರನೆಯವನು ಎಲೆಯನ್ನೇ ಮಡಿಚಿಬಿಟ್ಟ. ಬೀಗರು ಪಂಕ್ತಿಯ ಉದ್ದಕ್ಕೂ ನಡೆದರು, ಪರಾತದಿಂದ ಒಂದು ಹೋಳಿಗೆಯೂ ಇಳಿಯಲಿಲ್ಲ. ಅವರ ಮುಖ ಸಣ್ಣದಾಯಿತು.

"ಯಾಕ್ರೀ ಮ್ಯಾನೇಜರ್ರ, ಹೆಣ್ಣಿನ ಕಡೆಯೋರಿಗೆ ನಮ್ಮ ಮನಿ ಸೇರಿಲ್ಲೇನು? ಸೇರಿಲ್ಲಂದ್ರ ಮೊದಲ ಹೇಳಬೇಕಾಗಿತ್ತು" ಎಂದರು. ಆ ಗಟ್ಟಿ ದನಿ ತಗ್ಗಿತ್ತು.

ಗಂಡಿನ ಕಡೆಯ ಪಂಕ್ತಿಗಳಿಗೆ ಇದು ಗಾಳಿಯಂತೆ ಹರಡಿತು. "ಅವರು ಉಣ್ಣದ ನಾವ್ಯಾಕ ಉಣ್ಣಬೇಕು?" ಎಂದು ಯಾರೋ ತುತ್ತು ಕೆಳಗಿಟ್ಟರು. ಒಂದಿಬ್ಬರು ಕೈ ತೊಳೆಯುವುದಕ್ಕೆ ಎದ್ದೇಬಿಟ್ಟರು. ನಾನು ಏನು ಹೇಳಲಿ? ಇವರು ಉಣ್ಣದಿರುವುದು ನಿಮ್ಮ ಮೇಲಿನ ಸಿಟ್ಟಿಗಲ್ಲ, ಹೆಣ್ಣಿನ ಅಪ್ಪನ ಮೇಲಿನ ಭಯಕ್ಕೆ ಎಂದು ಹೇಳಿದರೆ ನಂಬುತ್ತಾರೆಯೇ? ಮದುವೆ ಮುರಿಯುವುದಿಲ್ಲ, ತಾಳಿ ಕಟ್ಟಿಯಾಗಿದೆ. ಆದರೆ ಆ ಹುಡುಗಿ ಈ ಮಾತನ್ನು ಹೊತ್ತುಕೊಂಡು ಆ ಮನೆಗೆ ಹೋಗಬೇಕಲ್ಲ. ಮೇಲಕ್ಕೆ ಓಡಿದೆ. ಆಣೆ ಗೀಣೆ ಮರೆತು, ಆದದ್ದನ್ನು ಹೇಳುತ್ತಲೇ ಸಾಹೇಬರನ್ನು ಕೈಹಿಡಿದು ಎಳೆದು ತಂದೆ.

ಅವರು ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ಬಳ್ಳಾರಿಯವರೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂತು, ಎಲೆಯ ಮೂಲೆಯಲ್ಲಿದ್ದ ಉಪ್ಪನ್ನೂ ನೆಕ್ಕತೊಡಗಿದರು. ಬೀಗರಿಗೆ ಅದೂ ಅವಮಾನವಾಗಿ ಕಂಡಿತು.

ಸಾಹೇಬರು ದನಿ ಎತ್ತಿದರು. "ಎಲ್ಲಾರೂ ಕೇಳ್ರಿ. ಇವತ್ತು ನಾ ಪಾಲಿಕಿಯಾಂವ ಅಲ್ಲ, ಹೆಣ್ಣಿನ ಅಪ್ಪ. ಹೊಟ್ಟಿ ತುಂಬ ಉಣ್ರಿ. ಬೀಗರು ಬಡಿಸಿದ್ದು ಹಾಕಿಸ್ಕೋರಿ. ಉಳದ್ರೂ ನಾ ಏನೂ ಅನ್ನಂಗಿಲ್ಲ."

ನನ್ನ ಪಕ್ಕದಲ್ಲಿದ್ದ ಇಡ್ಲಿಯ ಹೋಟೆಲಿನವನು ಪಿಸುಗುಟ್ಟಿದ: "ನಂಬಬ್ಯಾಡಲೇ. ಇದು ಪರೀಕ್ಷಾ." ಒಬ್ಬರೂ ಕೈ ತೆಗೆಯಲಿಲ್ಲ.

ಸಾಹೇಬರು ಪೀತಾಂಬರ ಎತ್ತಿ ಕಟ್ಟಿ, ಆ ಪಂಕ್ತಿಯಲ್ಲಿ ಖಾಲಿ ಇದ್ದ ಒಂದು ಬಾಳೆಲೆಯ ಮುಂದೆ ಕೂತುಬಿಟ್ಟರು. ಹೆಣ್ಣಿನ ಅಪ್ಪ ಎಲ್ಲರೂ ಉಂಡ ಮೇಲೆ ಉಣ್ಣಬೇಕಾದವನು. ಹಿರಿಯರು ಹಾಂ ಹಾಂ ಎಂದು ತಡೆಯಲು ಬಂದರು. ಅವರು ಯಾರ ಕಡೆಗೂ ನೋಡದೆ, "ಬೀಗರ, ಬಡಸ್ರಿ" ಎಂದರು.

ಬೀಗರು ಬಡಿಸಿದರು. ಆ ದೊಡ್ಡ ಕೈಗೆ ಎಷ್ಟು ಹೊತ್ತಿನಿಂದ ಕೆಲಸವಿರಲಿಲ್ಲವೋ ಅಷ್ಟನ್ನೂ ಒಬ್ಬರ ಮೇಲೆ ತೀರಿಸಿಕೊಂಡರು. ಹೋಳಿಗೆಯ ಮೇಲೆ ಹೋಳಿಗೆ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಹುಗ್ಗಿ. ಸಾಹೇಬರ ಬಲಗೈ ತಾನಾಗಿಯೇ ಎಲೆಗೆ ಅಡ್ಡ ಬರಲು ಹೋಯಿತು. ಅವರು ಅದನ್ನು ಎಡಗೈಯಿಂದ ಹಿಡಿದು ತಡೆದದ್ದನ್ನು ನಾನು ನೋಡಿದೆ. ತಿಂದರು. ಒಂದು ಹೋಳಿಗೆ, ಎರಡು, ಮೂರನೆಯದರಲ್ಲಿ ಅರ್ಧ. ತೆಳ್ಳಗಿನ ಮನುಷ್ಯ, ಎಷ್ಟು ತಿಂದಾರು? ಹಣೆಯ ವಿಭೂತಿ ಬೆವರಿನಲ್ಲಿ ಇಳಿಯಿತು. ಬೀಗರು ಇನ್ನೆರಡು ಹಾಕಿದರು. ಆಗ ಸಾಹೇಬರು ಎಲೆಯ ಕಡೆ ಒಮ್ಮೆ ನೋಡಿ, ಎಲ್ಲರೂ ನೋಡುವಂತೆ, ಎದ್ದು ನಿಂತರು. ಎಲೆಯಲ್ಲಿ ಎರಡೂವರೆ ಹೋಳಿಗೆ ಮತ್ತು ಒಂದು ಗುಡ್ಡೆ ಹುಗ್ಗಿ ಉಳಿದಿತ್ತು.

ಬಳ್ಳಾರಿಗೆ ಅಷ್ಟು ಸಾಕಾಯಿತು. "ಇಲ್ಲಿ ಹಾಕ್ರಿ ಬೀಗರ!" ಎಂದು ಇಡ್ಲಿಯ ಹೋಟೆಲಿನವನು ಮೊದಲು ಕೂಗಿದ. ಆಮೇಲೆ ಎಲ್ಲ ಕಡೆಯಿಂದಲೂ ಕೂಗು. ಎಷ್ಟೋ ವರ್ಷಗಳ ಉಪವಾಸ ಮುರಿದವರಂತೆ ಜನ ಉಂಡರು. ಎದ್ದು ಹೋಗಿದ್ದ ಗಂಡಿನ ಕಡೆಯವರು ತೊಳೆದ ಕೈಯಲ್ಲೇ ಬಂದು ಮತ್ತೆ ಕೂತರು. ಬೀಗರ ಮುಖ ಅರಳಿ, ದನಿ ಮೊದಲಿನ ಹಾಗೆ ಗಟ್ಟಿಯಾಯಿತು. ನಮ್ಮ ಅಡುಗೆಯವರು ಬಾಗಿಲಲ್ಲಿ ನಿಂತು ಪಂಚೆಯ ಅಂಚಿನಿಂದ ಕಣ್ಣು ಒರೆಸಿಕೊಂಡರು.

ಗದ್ದಲದ ನಡುವೆ ಸಾಹೇಬರೊಬ್ಬರೇ ಎಂಜಲು ಕೈಯನ್ನು ಮುಂದೆ ಚಾಚಿಕೊಂಡು ತಮ್ಮ ಎಲೆಯ ಹತ್ತಿರ ನಿಂತೇ ಇದ್ದರು. ಕೈ ತೊಳೆಯುವುದಕ್ಕೆ ಕಾಲು ಏಳುತ್ತಿರಲಿಲ್ಲ. ನನಗೆ ಸಂಕಟವಾಯಿತು. ಎಷ್ಟೇ ಬೈದುಕೊಂಡಿರಲಿ, ಆ ಮನುಷ್ಯ ತನ್ನ ಜೀವಮಾನದ ವ್ರತವನ್ನು ನೂರಾರು ಜನರ ಮುಂದೆ ಮುರಿದದ್ದನ್ನು ನೋಡುವುದು ಸುಲಭವಾಗಿರಲಿಲ್ಲ.

ಅದೇ ಹೊತ್ತಿಗೆ ಮದುಮಕ್ಕಳನ್ನು ಊಟಕ್ಕೆ ಕರೆತಂದರು. ಅವರಿಗೆಂದು ರಂಗೋಲಿ ಬಿಡಿಸಿ, ಬೆಳ್ಳಿಯ ಲೋಟ ಇಟ್ಟು, ಬೇರೆ ಎಲೆ ಹಾಕಿತ್ತು. ಹುಡುಗಿ ಬಾಗಿಲಲ್ಲೇ ನಿಂತು ಅಪ್ಪನನ್ನು ನೋಡಿದಳು, ಅಪ್ಪನ ಎಲೆಯನ್ನು ನೋಡಿದಳು. ಯಾರೂ ಏನೂ ಹೇಳಬೇಕಾಗಿರಲಿಲ್ಲ. ರಂಗೋಲಿಯ ಎಲೆಯನ್ನು ದಾಟಿ ಸೀದಾ ನಡೆದಳು. ಅವಳ ಸೆರಗಿಗೂ ಗಂಡಿನ ಶಲ್ಯಕ್ಕೂ ಗಂಟು ಹಾಕಿತ್ತಾದ್ದರಿಂದ, ಆ ಬಡಪಾಯಿ ಬಾಸಿಂಗ ಹಿಡಿದುಕೊಂಡು ಹಿಂದೆ ಓಡಿದ. ಅಪ್ಪನ ಎಲೆಯ ಮುಂದೆ ಕೂತು ಆಕೆ ಆ ಅರ್ಧ ಹೋಳಿಗೆಯನ್ನು ಕೈಗೆತ್ತಿಕೊಂಡಳು.

"ಎಂಜಲ ಐತವ್ವಾ!" ಎಂದು ಗಂಡಿನ ಕಡೆಯ ಒಬ್ಬ ಮುದುಕಿ ಕೂಗಿದರು.

"ನಮ್ಮಪ್ಪಂದು, ಅಜ್ಜಿ. ಇಷ್ಟು ವರ್ಷದಾಗ ಇವತ್ತ ಬಿಟ್ಟಾನ. ಬ್ಯಾರೇ ಯಾರಿಗೂ ಕೊಡಂಗಿಲ್ಲ" ಎಂದು ಬಾಯಿಗೆ ಹಾಕಿಕೊಂಡಳು. ಪಕ್ಕದಲ್ಲಿ ಕುಕ್ಕರಿಸಿದ ಮದುಮಗನ ಮುಂದೆ ಹುಗ್ಗಿಯನ್ನು ಸರಿಸಿ, "ನೀವೂ ತಗೋರಿ" ಎಂದಳು. ಅವನು ಅತ್ತ ಇತ್ತ ನೋಡಿ ತಗೊಂಡ. ಗಂಡನಾಗಿ ಅವನು ಮಾಡಿದ ಮೊದಲ ಕೆಲಸ ಅದು. ಸಿರುಗುಪ್ಪದ ಬೀಗರು ಬಿದ್ದು ಬಿದ್ದು ನಕ್ಕರು, ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಎಲೆ ಬರಿದಾಗುವವರೆಗೂ ಸಾಹೇಬರು ಅಲ್ಲೇ ನಿಂತು ನೋಡಿದರು.

ಆಮೇಲೆ ಬೀಗರ ಕೈಯಿಂದ ಪರಾತ ತೆಗೆದುಕೊಂಡು ಮಗಳ ಮುಂದೆ ಬಗ್ಗಿದರು. ಅವರು ಯಾರಿಗಾದರೂ ಬಲವಂತ ಮಾಡಿ ಬಡಿಸಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

"ಇನ್ನೊಂದ ಹಾಕಿಸ್ಕೋ ಅವ್ವಾ" ಎಂದರು. "ಸಿರುಗುಪ್ಪ ದೂರ ಐತಿ."

ಬಾಯಿ ತುಂಬಿಕೊಂಡಿದ್ದ ಆಕೆ ಎಲೆಯನ್ನು ಅಪ್ಪನ ಕಡೆಗೆ ಸರಿಸಿದಳು.